ಎಚ್.ಐ.ವಿ. ಮತ್ತು ರಕ್ತದ ಕಾವಲುಪಡೆ

ಒಂದು ಸಂಜೆ ವಡಗಾವಿಯ ನೇಕಾರರೊಬ್ಬರು ನಮ್ಮ ಮನೆಗೆ ಬಂದರು. ಹಿಂದೆ ನನ್ನಲ್ಲಿ ಕನ್ನಡ ಓದಿದವರು. ತಂದೆಯ ಮಗ್ಗ ನಿಲ್ಲಬಾರದೆಂದು ಪದವಿಯನ್ನು ಅರ್ಧಕ್ಕೇ ಬಿಟ್ಟವರು. ದನಿ ತಗ್ಗಿಸಿ ಕೇಳಿದರು: “ಸರ್, ರಕ್ತದಾಗ ವೈರಸ್ ಕಾಣಂಗಿಲ್ಲ ಅಂತ ರಿಪೋರ್ಟ್ ಬಂದೈತ್ರಿ. ಮತ್ತ ದಿನಾ ಗುಳಿಗಿ ಯಾಕ ನುಂಗಬೇಕ್ರಿ?” ಅವರು ವರ್ಷಗಳಿಂದ ಎಚ್.ಐ.ವಿ. ಸೋಂಕಿಗೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆಂಬುದು ನನಗೆ ತಿಳಿದದ್ದು ಅಂದೇ. ಮಗಳ ಮದುವೆ ಗೊತ್ತಾಗಿತ್ತು. ಗುಳಿಗೆಯ ಡಬ್ಬಿ ಬೀಗರ ಕಣ್ಣಿಗೆ ಬಿದ್ದರೆ ಗತಿಯೇನು ಎಂಬ ಅಂಜಿಕೆಯಿಂದ ಅದನ್ನು ಬಿಟ್ಟುಬಿಡುವ ವಿಚಾರದಲ್ಲಿದ್ದರು. ನಾನೋ ಸಾಹಿತ್ಯದ ಮಾಸ್ತರ, ಉತ್ತರ ಹೊಳೆಯಲಿಲ್ಲ. ಆಮೇಲೆ ವೈದ್ಯಮಿತ್ರರನ್ನು ಕೇಳಿ ತಿಳಿದುಕೊಂಡದ್ದನ್ನು, ಅವರ ಒಪ್ಪಿಗೆ ಪಡೆದೇ, ತಮ್ಮ ಮುಂದಿಡುತ್ತಿದ್ದೇನೆ.

ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಕೆಂಪುಕಣಗಳಿವೆ, ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿವೆ, ರೋಗಾಣುಗಳೊಡನೆ ಸೆಣಸುವ ಬಿಳಿಕಣಗಳಿವೆ. ಈ ಬಿಳಿಕಣಗಳಲ್ಲಿ ಸಿ.ಡಿ. 4 ಎಂಬ ಗುರುತನ್ನು ಹೊತ್ತ ಒಂದು ವರ್ಗವಿದೆ. ಮದುವೆಮನೆಯ ಹಿರಿಯನನ್ನು ನೆನೆಯಿರಿ. ಆತ ಅಡಿಗೆ ಮಾಡುವುದಿಲ್ಲ, ಬಡಿಸುವುದಿಲ್ಲ. ಆದರೆ ಆತನ ಮಾತಿಲ್ಲದೆ ಒಲೆ ಹೊತ್ತುವುದಿಲ್ಲ, ಪಂಕ್ತಿ ಏಳುವುದಿಲ್ಲ. ಸಿ.ಡಿ. 4 ಕಣಗಳ ಕೆಲಸವೂ ಬಹುಮಟ್ಟಿಗೆ ಅಂಥದೇ. ಯಾರು ಪ್ರತಿವಿಷ ತಯಾರಿಸಬೇಕು, ಯಾರು ಸೋಂಕು ತಗುಲಿದ ಜೀವಕೋಶವನ್ನು ಕೊಲ್ಲಬೇಕು ಎಂಬ ಸನ್ನೆ ಅವುಗಳಿಂದ ಹೊರಡುತ್ತದೆ. ಎಚ್.ಐ.ವಿ. ಹುಡುಕಿಕೊಂಡು ಬರುವುದು ಈ ಹಿರಿಯನನ್ನೇ.

ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿನಷ್ಟಿರುವ ಈ ವೈರಾಣು ತಾನಾಗಿ ಬೆಳೆಯಲಾರದು. ಸಿ.ಡಿ. 4ರ ಗುರುತಿಗೆ ಅಂಟಿಕೊಂಡು, ಪಕ್ಕದ ಇನ್ನೊಂದು ಚಿಲಕವನ್ನೂ ತೆಗೆದು ಅದು ಒಳನುಗ್ಗುತ್ತದೆ. ಮುಂದಿನ ಕಥೆ ವಡಗಾವಿಯವರಿಗೆ ಸುಲಭವಾಗಿ ತಿಳಿಯುವಂಥದು. ಜಕಾರ್ಡ್ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ಇರುತ್ತದಲ್ಲವೆ? ತೂತು ಇದ್ದಂತೆ ಸೀರೆಯ ಸೆರಗು. ಜೀವಕೋಶದ ನಡುವಿನ ಡಿ.ಎನ್.ಎ. ಅಂಥ ಮಾಲೆ. ವೈರಾಣುವಿನ ನಮೂನೆ ಇರುವುದು ಆರ್.ಎನ್.ಎ. ಎಂಬ ಬೇರೆ ಬರವಣಿಗೆಯಲ್ಲಿ. ಒಳಹೊಕ್ಕ ವೈರಾಣು ಅದನ್ನು ಡಿ.ಎನ್.ಎ.ಗೆ ನಕಲು ಮಾಡಿ, ಆ ಕಾರ್ಡನ್ನು ನಮ್ಮ ಮಾಲೆಯ ನಡುವೆಯೇ ಪೋಣಿಸಿಬಿಡುತ್ತದೆ. ಅಂದಿನಿಂದ ಮಗ್ಗ ನಮ್ಮದು, ನೂಲು ನಮ್ಮದು, ಸೀರೆ ಮಾತ್ರ ಪರರದು. ಹೊಸ ವೈರಾಣುಗಳು ಸಾವಿರಗಟ್ಟಲೆ ಹೊರಬೀಳುತ್ತವೆ; ಕೊನೆಗೆ ಮಗ್ಗವೇ ಮುರಿಯುತ್ತದೆ. ಪೂರ್ತಿ ಸೋಂಕು ತಗುಲದ ನೆರೆಯ ಕಣಗಳು ಸಹ ತಮ್ಮನ್ನು ತಾವೇ ನಾಶಮಾಡಿಕೊಳ್ಳುತ್ತವೆ.

ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ 500ರಿಂದ 1,500 ಸಿ.ಡಿ. 4 ಕಣಗಳಿರುತ್ತವೆ. ದೇಹವು ಸತ್ತವುಗಳ ಜಾಗಕ್ಕೆ ಹೊಸವನ್ನು ತರುತ್ತಲೇ ಇರುವುದರಿಂದ ಸೋಂಕಿತರು ಹಲವು ವರ್ಷ ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ. ಎಣಿಕೆ 200ಕ್ಕಿಂತ ಕೆಳಗಿಳಿದಾಗ ಏಡ್ಸ್ ಎನ್ನುತ್ತೇವೆ. ಆಗ ಕೊಲ್ಲುವುದು ಬಹುಶಃ ವೈರಾಣುವಲ್ಲ, ಕಾವಲಿಲ್ಲದ ಮನೆಗೆ ನುಗ್ಗಿದ ಬೇರೆ ರೋಗ. ನಮ್ಮ ದೇಶದಲ್ಲಿ ಹೆಚ್ಚಾಗಿ ಕ್ಷಯ. ಕೆಂಪುಕಣಗಳನ್ನು ವೈರಾಣು ಹೊಗುವುದಿಲ್ಲ. ಆದರೂ ಎಲುಬಿನ ಮಜ್ಜೆ ಸೊರಗಿ ರಕ್ತಹೀನತೆ ಬರುತ್ತದೆ, ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ. ಹಿಂದೆ ಹೆಚ್ಚಾಗಿ ಕೊಡುತ್ತಿದ್ದ ಜಿಡೊವುಡಿನ್ ಎಂಬ ಔಷಧಿಯೂ ಕೆಲವರಲ್ಲಿ ರಕ್ತವನ್ನು ಇಳಿಸುತ್ತಿತ್ತೆಂಬುದು ವಿಚಿತ್ರವಾದರೂ ನಿಜ.

ವೈರಾಣುವನ್ನು ಪ್ಯಾರಿಸಿನಲ್ಲಿ ಗುರುತಿಸಿದ್ದು 1983ರಲ್ಲಿ. 1986ರಲ್ಲಿ ಮದರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅದು ಭಾರತಕ್ಕೆ ಬಂದಿರುವುದನ್ನು ತೋರಿಸಿದರು. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಬೆಳಗಾವಿ ಜಿಲ್ಲೆ ಸೋಂಕು ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿತ್ತು. ದೇವದಾಸಿ ಪದ್ಧತಿಯನ್ನು 1982ರ ಕಾಯಿದೆ ನಿಷೇಧಿಸಿದ್ದರೂ ಅದರ ಉರುಳಿನಲ್ಲಿ ಸಿಕ್ಕ ಹೆಣ್ಣುಮಕ್ಕಳೇ ಮೊದಲು ನೊಂದರು, ಬೈಗುಳವನ್ನೂ ಅವರೇ ತಿಂದರು. ಸರಕಾರ ಉಚಿತ ಚಿಕಿತ್ಸೆ ಆರಂಭಿಸಿದ್ದು 2004ರಲ್ಲಿ. ಎಣಿಕೆ ಎಷ್ಟೇ ಇರಲಿ, ಸೋಂಕು ಗೊತ್ತಾದೊಡನೆ ಎಲ್ಲರಿಗೂ ಔಷಧಿ ಎಂಬ ನೀತಿ 2017ರದು.

ಇನ್ನು ನೇಕಾರರ ಪ್ರಶ್ನೆ. ಈಗಿನ ಒಂದೇ ಗುಳಿಗೆಯಲ್ಲಿ ಮೂರು ಔಷಧಿಗಳಿವೆ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಕಾರ್ಡು ನಕಲಾಗದಂತೆ ತಡೆಯುತ್ತವೆ; ಡೊಲುಟೆಗ್ರಾವಿರ್ ಅದನ್ನು ಮಾಲೆಗೆ ಪೋಣಿಸಗೊಡುವುದಿಲ್ಲ. ಹೊಸ ಮಗ್ಗಗಳು ಉಳಿಯುತ್ತವೆ, ಸಿ.ಡಿ. 4 ಎಣಿಕೆ ಏರುತ್ತದೆ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಕ್ಕದಷ್ಟು ಕಡಿಮೆಯಾಗುತ್ತದೆ. ಆ ಸ್ಥಿತಿಯಲ್ಲಿ ದಾಂಪತ್ಯದಿಂದ ಸೋಂಕು ಹರಡುವುದಿಲ್ಲವೆಂದೂ ಸಿದ್ಧವಾಗಿದೆ. ಆದರೆ ಹಿಂದೆಯೇ ಕಾರ್ಡು ಪೋಣಿಸಿಕೊಂಡು, ಈಗ ಸುಮ್ಮನೆ ನಿಂತಿರುವ ಮಗ್ಗಗಳು ಕೆಲವು ಇದ್ದೇ ಇವೆ. ಗುಳಿಗೆಯ ಕೈ ಅಲ್ಲಿಗೆ ಎಟುಕದು. ಔಷಧಿ ನಿಂತರೆ ಅವುಗಳಲ್ಲಿ ಯಾವುದಾದರೊಂದು ಲಾಳಿ ಓಡಿಸತೊಡಗುತ್ತದೆ. ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ರಕ್ತ ಮತ್ತೆ ವೈರಾಣುವಿನಿಂದ ತುಂಬುತ್ತದೆ.

ಇಷ್ಟನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. “ಕಾರ್ಡು ತಗಿಯಾಕ ಬರಂಗಿಲ್ಲೇನ್ರಿ?” ಎಂದಷ್ಟೇ ಕೇಳಿದರು. ಸದ್ಯಕ್ಕೆ ಸಾಮಾನ್ಯ ಚಿಕಿತ್ಸೆಯಿಂದ ಬರುವುದಿಲ್ಲ ಎಂದೆ. ಮಗಳ ಮದುವೆ ವೈಶಾಖದಲ್ಲಿ ಆಯಿತು. ಬೀಗರು ನಾಲ್ಕು ದಿನ ಮನೆಯಲ್ಲಿದ್ದರು. ಡಬ್ಬಿ ಕಂಡಿಕೆಗಳ ಪೆಟ್ಟಿಗೆಯಲ್ಲಿತ್ತಂತೆ; ರಾತ್ರಿ ಮಗ್ಗದ ಕೋಣೆಯ ದೀಪ ಆರಿಸುವ ಮುನ್ನ ಅವರು ದಿನವೂ ಅಲ್ಲಿಗೆ ಹೋಗಿಬರುತ್ತಿದ್ದರಂತೆ.