ಪತ್ರಿಕೆಯ ಒಡೆತನವೂ ರಾಜ್ಯತಂತ್ರವೂ: ಎಂ. ವೆಂಕಟಕೃಷ್ಣಯ್ಯನವರು

ಪತ್ರಿಕೆಯ ಒಡೆತನವು ರಾಜಕೀಯ ಬಲಕ್ಕೆ ಸಾಧನವಾಗುವುದು ಸರ್ವವಿದಿತ. ಈ ಬಲವು ಕೇವಲ ಮೂಲಧನದಿಂದ ಹುಟ್ಟುವುದೆಂಬ ಅಭಿಪ್ರಾಯವು ಸಾಮಾನ್ಯವಾಗಿದೆ. ಮೈಸೂರು ನಗರದ ಎಂ. ವೆಂಕಟಕೃಷ್ಣಯ್ಯನವರ (1844–1933) ಚರಿತ್ರೆಯು ಈ ಅಭಿಪ್ರಾಯವನ್ನು ಪುನಃ ಪರೀಕ್ಷಿಸುವಂತೆ ಮಾಡುತ್ತದೆ.

‘ತಾತಯ್ಯ’ನೆಂದು ಜನರಿಂದ ಕರೆಯಲ್ಪಟ್ಟ ಇವರು ವೃತ್ತಿಯಿಂದ ಉಪಾಧ್ಯಾಯರು. ಗುರಿಕಾರ ಮರಿಮಲ್ಲಪ್ಪನವರ ದತ್ತಿಯಿಂದ ಸ್ಥಾಪಿತವಾದ ಪಾಠಶಾಲೆಯ ಮುಖ್ಯೋಪಾಧ್ಯಾಯರಾಗಿ ಬಹುಕಾಲ ದುಡಿದರು. 1885ರಲ್ಲಿ ‘ವೃತ್ತಾಂತ ಚಿಂತಾಮಣಿ’ಯನ್ನು ಹೊರಡಿಸಿದರು. ‘ಸಾಧ್ವಿ’, ‘ಸಂಪದಭ್ಯುದಯ’, ಇಂಗ್ಲಿಷಿನ ‘ಮೈಸೂರು ಹೆರಾಲ್ಡ್’ ಮೊದಲಾದುವೂ ಇವರ ಆಶ್ರಯದಲ್ಲಿ ನಡೆದುವು. ಅದೇ ನಗರದಲ್ಲಿ ಯಜಮಾನ ವೀರಬಸಪ್ಪನವರ ‘ಮೈಸೂರು ಸ್ಟಾರ್’ ಪತ್ರಿಕೆಯೂ ಇದ್ದುದರಿಂದ ಲೋಕಾಭಿಪ್ರಾಯವು ಒಬ್ಬರ ಸ್ವತ್ತಾಗಿರಲಿಲ್ಲವೆಂಬುದನ್ನು ಮರೆಯಲಾಗದು.

ಇವರ ಪ್ರಭಾವದ ಬಗೆಯನ್ನು ತಿಳಿಯಲು ಆಗಿನ ರಾಜ್ಯವ್ಯವಸ್ಥೆಯನ್ನು ನೋಡಬೇಕು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯು ದಸರೆಯ ಕಾಲದಲ್ಲಿ ಕೂಡುತ್ತಿತ್ತು. ಅಲ್ಲಿ ಅಹವಾಲುಗಳನ್ನು ಹೇಳಿಕೊಳ್ಳಬಹುದಿತ್ತೇ ಹೊರತು ಶಾಸನ ಮಾಡುವ ಅಧಿಕಾರವಿರಲಿಲ್ಲ. ವರ್ಷಕ್ಕೊಮ್ಮೆ ಕೆಲವು ದಿನ ಕೇಳಿಸಿ ಅಡಗುವ ಈ ಧ್ವನಿಯನ್ನು ಉಳಿದ ತಿಂಗಳುಗಳಲ್ಲಿ ಜೀವಂತವಾಗಿರಿಸಿದ್ದು ಪತ್ರಿಕೆ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ (1883–1901) ಮದರಾಸು ಪ್ರಾಂತದವರಿಗೆ ಉನ್ನತ ಹುದ್ದೆಗಳು ದೊರೆಯುತ್ತಿದ್ದ ವಿಷಯವು ಚರ್ಚೆಗೆ ಬಂದಾಗ, ವೆಂಕಟಕೃಷ್ಣಯ್ಯನವರು ಮೈಸೂರಿಗರ ಪಕ್ಷವನ್ನು ವಹಿಸಿದರು. ಶಾಲೆ, ಸಭೆ, ಪತ್ರಿಕೆ ಇವು ಮೂರೂ ಒಂದೇ ಕೈಯಲ್ಲಿ ಪರಸ್ಪರ ಪೋಷಕವಾಗಿದ್ದುವು.

ಈ ಬಲಕ್ಕಿದ್ದ ಮಿತಿಯು 1908ರಲ್ಲಿ ಪ್ರಕಟವಾಯಿತು. ದಿವಾನ್ ವಿ. ಪಿ. ಮಾಧವರಾಯರ ಕಾಲದ ವೃತ್ತಪತ್ರಿಕಾ ಕಾನೂನಿನ ಮೇರೆಗೆ ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಅವಶ್ಯವಾಯಿತು. ಕೊಟ್ಟ ಅಪ್ಪಣೆಯನ್ನು ಹಿಂದೆಗೆಯುವ ಹಕ್ಕೂ ಸರ್ಕಾರದ್ದೇ ಆಯಿತು. ಅದೇ ವರ್ಷ ಬ್ರಿಟಿಷ್ ಇಂಡಿಯದಲ್ಲಿ ಜಾರಿಗೆ ಬಂದ ಪತ್ರಿಕಾ ಶಾಸನದಲ್ಲಿ ಮ್ಯಾಜಿಸ್ಟ್ರೇಟರ ಆಜ್ಞೆಯ ಮೇಲೆ ಹೈಕೋರ್ಟಿಗೆ ಅಪೀಲು ಮಾಡಿಕೊಳ್ಳುವ ಅವಕಾಶವಾದರೂ ಇತ್ತು. ಅಪ್ಪಣೆಯಿಂದ ಬದುಕುವ ಪತ್ರಿಕೆಯು ಟೀಕೆ ಮಾಡಲಾರದೆಂದು ಬಗೆದ ವೆಂಕಟಕೃಷ್ಣಯ್ಯನವರು ಪ್ರತಿಭಟನಾರ್ಥವಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಸ್ವತ್ತನ್ನು ಉಳಿಸಿಕೊಳ್ಳುವುದೇ ಗುರಿಯಾಗಿದ್ದಲ್ಲಿ ಒಡಂಬಟ್ಟು ನಡೆಯುವ ಮಾರ್ಗವು ತೆರೆದೇ ಇತ್ತು.

ಮುಂದೆ ‘ಸಾಧ್ವಿ’ಯು ಅಗರಂ ರಂಗಯ್ಯನವರ ಸಂಪಾದಕತ್ವದಲ್ಲಿ ನಡೆಯಿತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ತಾತಯ್ಯನವರಿಗೆ ‘ದಯಾಸಾಗರ’ ಬಿರುದನ್ನಿತ್ತರು. ಯಾವ ರಾಜ್ಯದ ಆಡಳಿತವನ್ನು ಅವರು ಖಂಡಿಸಿದ್ದರೋ ಅದೇ ರಾಜ್ಯದ ಪ್ರಭುವಿನಿಂದ ಈ ಗೌರವವು ಸಂದಿತು. 1948ರಲ್ಲಿ ಕೆ. ಎನ್. ಗುರುಸ್ವಾಮಿಯವರು ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಪ್ರಜಾವಾಣಿ’ಗಳನ್ನು ಸ್ಥಾಪಿಸಿದ ಬಳಿಕ ಪತ್ರಿಕೆಯು ದೊಡ್ಡ ಉದ್ಯಮವಾಗಿ ಬೆಳೆಯಿತು. ಹಿಂದಿನ ತಲೆಮಾರಿನವರಿಗಾದರೋ ವಾಚಕರ ವಿಶ್ವಾಸವೇ ಮೂಲಧನವಾಗಿದ್ದಿತು. ಆ ಧನವನ್ನು ಕಾಯಲು ಒಮ್ಮೊಮ್ಮೆ ಮುದ್ರಣವನ್ನೇ ನಿಲ್ಲಿಸಬೇಕಾಗುವುದೆಂಬುದು 1908ರ ಪ್ರಸಂಗದಿಂದ ವ್ಯಕ್ತವಾಗುತ್ತದೆ.