ಹೈನೆಕೆನ್: ಆಮ್‌ಸ್ಟರ್‌ಡ್ಯಾಮ್‌ನಿಂದ ನಂಜನಗೂಡಿನವರೆಗೆ

ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಇರುವುದು ನೀರೇ. ಸರಕು ಭಾರ, ಬೆಲೆ ಅಗ್ಗ, ಬಹಳ ದಿನ ಇಟ್ಟರೆ ರುಚಿ ಕೆಡುತ್ತದೆ. ಹಾಗಾಗಿ ಶತಮಾನಗಳ ಕಾಲ ಯುರೋಪಿನ ಬಿಯರ್ ಆಯಾ ಊರಿನಲ್ಲೇ ತಯಾರಾಗಿ, ಬಹುಪಾಲು ಅಲ್ಲೇ ಖರ್ಚಾಗುತ್ತಿತ್ತು. ಇಂಥ ಊರಮಟ್ಟದ ಪಾನೀಯವನ್ನು 190 ದೇಶಗಳಿಗೆ ಹರಡಿದ ವ್ಯಾಪಾರವನ್ನಾಗಿ ಮಾಡಿಕೊಂಡ ಕಂಪನಿ ನೆದರ್‌ಲ್ಯಾಂಡ್ಸ್‌ನ ಹೈನೆಕೆನ್. ವರ್ಷಕ್ಕೆ ಸುಮಾರು 2,400 ಕೋಟಿ ಲೀಟರ್ ಬಿಯರ್ ಮಾರುವ ಇದು ಬೆಲ್ಜಿಯಂ ಮೂಲದ ಆನ್‌ಹೈಸರ್-ಬುಶ್ ಇನ್‌ಬೆವ್ ನಂತರ ಜಗತ್ತಿನ ಎರಡನೆಯ ಅತಿ ದೊಡ್ಡ ಬಿಯರ್ ಕಂಪನಿ. ಮುನ್ನೂರಕ್ಕೂ ಹೆಚ್ಚು ಹೆಸರುಗಳಲ್ಲಿ ಇದರ ಬಿಯರ್ ಮಾರಾಟವಾಗುತ್ತದೆ. ಕುಡಿಯುವವರಲ್ಲಿ ಬಹಳ ಮಂದಿಗೆ ತಮ್ಮ ಕೈಯಲ್ಲಿರುವುದು ಈ ಕಂಪನಿಯದೆಂಬುದು ಗೊತ್ತಿರುವುದಿಲ್ಲ.

1864ರಲ್ಲಿ, ಇಪ್ಪತ್ತೆರಡರ ಹರೆಯದ ಗೆರಾರ್ಡ್ ಆಡ್ರಿಯಾನ್ ಹೈನೆಕೆನ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ‘ಡಿ ಹೋಯ್‌ಬರ್ಗ್’ ಎಂಬ ಹಳೆಯ ಬ್ರೂವರಿಯನ್ನು ಕೊಂಡುಕೊಂಡ. ಬಂಡವಾಳ ತಾಯಿಯದು. ಆ ಬ್ರೂವರಿ 1592ರಿಂದ ನಡೆದು ಬಂದಿದ್ದು, ಆ ಹೊತ್ತಿಗೆ ಸೊರಗಿತ್ತು. ಡಚ್ಚರು ಆಗ ಜಿನ್‌ಗೆ ಮಾರುಹೋಗಿದ್ದರು. ಒಳ್ಳೆಯ ಬಿಯರ್ ಸಿಕ್ಕರೆ ಜನ ಜಿನ್ ಬಿಟ್ಟಾರು, ಬೀದಿಯ ಕುಡುಕತನ ತಗ್ಗೀತು ಎಂಬುದು ಅವನು ತಾಯಿಯ ಮುಂದಿಟ್ಟ ವಾದಗಳಲ್ಲೊಂದು. ಬಿಯರ್ ವ್ಯಾಪಾರಿಯ ಬಾಯಲ್ಲಿ ಈ ಮಾತು ಎಷ್ಟು ನಿಸ್ವಾರ್ಥವೆಂಬುದು ಬೇರೆ ವಿಷಯ. ತಾಯಿಯಂತೂ ಹಣ ಕೊಟ್ಟಳು.

ಗೆರಾರ್ಡ್ ಮಾಡಿದ ದೊಡ್ಡ ಬದಲಾವಣೆ ತಯಾರಿಕೆಯ ವಿಧಾನದಲ್ಲಿ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸಿದಾಗ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ ರಸವನ್ನು ಸೋಸಿ, ಕಹಿಗಾಗಿ ಹಾಪ್ಸ್ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಹಳೆಯ ಪದ್ಧತಿಯಲ್ಲಿ ಯೀಸ್ಟ್ ಬೆಚ್ಚಗಿನ ರಸದ ಮೇಲೆ ನೊರೆಯಾಗಿ ನಿಂತು ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತಿತ್ತು. ಗೆರಾರ್ಡ್ ಆರಿಸಿಕೊಂಡ ಬವೇರಿಯಾದವರ ಲಾಗರ್ ಪದ್ಧತಿಯಲ್ಲಿ ಯೀಸ್ಟ್ ತಣ್ಣನೆಯ ರಸದಲ್ಲಿ ತಳಕ್ಕಿಳಿದು ನಿಧಾನವಾಗಿ ಹುದುಗುತ್ತದೆ. ಬಿಯರ್ ತಿಳಿಯಾಗಿರುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಆದರೆ ಇದಕ್ಕೆ ರಾಶಿಗಟ್ಟಲೆ ಮಂಜುಗಡ್ಡೆ ಬೇಕು, ವಾರಗಟ್ಟಲೆ ಕಾಯುವಷ್ಟು ಬಂಡವಾಳವೂ ಬೇಕು. ಎರಡನ್ನೂ ಹೊಂದಿಸಲಾಗದ ಸಣ್ಣ ಬ್ರೂವರಿಗಳು ಹಿಂದೆ ಬಿದ್ದವು. ಜರ್ಮನ್ ಎಂಜಿನಿಯರ್ ಕಾರ್ಲ್ ಫಾನ್ ಲಿಂಡೆಯ ಶೀತಲ ಯಂತ್ರಗಳು ಬಂದ ಮೇಲೆ ಅಂತರ ಇನ್ನೂ ಹೆಚ್ಚಿತು.

ಇನ್ನುಳಿದದ್ದು ರುಚಿಯ ಏಕರೂಪತೆ. ಯೀಸ್ಟ್ ಜೀವಂತ ವಸ್ತು. ಗಾಳಿಯಲ್ಲಿರುವ ಬೇರೆ ತಳಿಗಳು ಬೆರೆತರೆ ಇಡೀ ತೊಟ್ಟಿ ಹಾಳು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಹಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸುವ ದಾರಿ ತೋರಿಸಿದ. ಮೂರು ವರ್ಷಗಳಲ್ಲಿ ಹೈನೆಕೆನ್‌ನ ಪ್ರಯೋಗಾಲಯದಲ್ಲಿ ಡಾ. ಹಾರ್ಟೋಗ್ ಎಲಿಯನ್ ‘ಎ-ಯೀಸ್ಟ್’ ಎಂಬ ತಳಿಯನ್ನು ಬೇರ್ಪಡಿಸಿದ. ಕಂಪನಿಯ ನಿಜವಾದ ಆಸ್ತಿ ಯಾವುದೆಂದರೆ ಕಟ್ಟಡ, ಕೊಪ್ಪರಿಗೆಗಳಿಗಿಂತ ಮೊದಲು ಇದನ್ನೇ ಹೇಳಬೇಕು. ಹೈನೆಕೆನ್ ಹೆಸರಿನ ಬಿಯರ್ ಯಾವ ದೇಶದಲ್ಲಿ ತಯಾರಾದರೂ ಬಳಸುವುದು ಈ ತಳಿಯ ಯೀಸ್ಟನ್ನೇ. ನೀರು ಅಲ್ಲಿಯದು, ದುಡಿಮೆ ಅಲ್ಲಿಯದು. ಡಚ್ಚರಿಂದ ಹೋಗುವುದು ಒಂದಿಷ್ಟು ಯೀಸ್ಟ್, ತಯಾರಿಕೆಯ ಕಟ್ಟಳೆಗಳು ಮತ್ತು ಹೆಸರು. ಭಾರವಾದ ನೀರನ್ನು ಹಡಗಿನಲ್ಲಿ ಹೊರುವ ತಾಪತ್ರಯ ಹೀಗೆ ನೀಗಿತು.

ಈ ಸೂತ್ರಕ್ಕೆ ಒಂದು ದೊಡ್ಡ ಅಪವಾದ ಅಮೆರಿಕ. 1933ರಲ್ಲಿ ಅಲ್ಲಿ ಪಾನನಿಷೇಧ ಸಡಿಲವಾದ ಕೂಡಲೇ ಹೈನೆಕೆನ್ ಬಿಯರ್ ಹೊತ್ತ ಹಡಗು ನ್ಯೂಜೆರ್ಸಿಯ ಹೊಬೊಕೆನ್ ಬಂದರಿಗೆ ಬಂತು. ಹಿಂದೆ ಹಡಗಿನಲ್ಲಿ ಪಾನೀಯ ಬಡಿಸುತ್ತಿದ್ದ ಲಿಯೊ ಫಾನ್ ಮ್ಯೂಂಚಿಂಗ್ ಅದರ ಆಮದುದಾರನಾದ. ಪರದೇಶದಿಂದ ಬಂದದ್ದೆಂಬ ಕಾರಣಕ್ಕೇ ಹಸಿರು ಬಾಟಲಿಗೆ ಅಲ್ಲಿ ಹೆಚ್ಚು ಬೆಲೆ ಸಿಕ್ಕಿತು. ಏಷ್ಯಾದಲ್ಲಿ ಮಾತ್ರ ಪಾಲುದಾರಿಕೆಯ ದಾರಿ: 1931ರಲ್ಲಿ ಸಿಂಗಪುರದ ಫ್ರೇಸರ್ ಅಂಡ್ ನೀವ್ ಜೊತೆ ಮಲಯನ್ ಬ್ರೂವರೀಸ್ ಹುಟ್ಟಿತು, ಮರುವರ್ಷ ಅದರಿಂದ ಟೈಗರ್ ಬಿಯರ್ ಬಂತು. ಆಫ್ರಿಕಾದಲ್ಲಿ 1946ರಲ್ಲಿ ನೈಜೀರಿಯನ್ ಬ್ರೂವರೀಸ್ ಸ್ಥಾಪನೆಯಾಯಿತು.

ಇವತ್ತಿನ ಹೈನೆಕೆನ್‌ಗೆ ರೂಪ ಕೊಟ್ಟವನು ಸ್ಥಾಪಕನ ಮೊಮ್ಮಗ ಆಲ್‌ಫ್ರೆಡ್ ಹೈನೆಕೆನ್; ಎಲ್ಲರ ಬಾಯಲ್ಲಿ ಫ್ರೆಡ್ಡಿ. 1942ರಲ್ಲಿ ಮನೆತನದ ಕೈತಪ್ಪಿದ್ದ ಬಹುಮತದ ಷೇರುಗಳನ್ನು ಅವನು 1950ರ ದಶಕದಲ್ಲಿ ಮರಳಿ ದಕ್ಕಿಸಿಕೊಂಡ. ಲೇಬಲ್ಲಿನಲ್ಲಿ ದೊಡ್ಡಕ್ಷರಗಳನ್ನು ತೆಗೆಸಿ ಚಿಕ್ಕಕ್ಷರ ಹಾಕಿಸಿದ. ಅದರಲ್ಲಿನ ‘ಇ’ಗಳನ್ನು ನಗುವಂತೆ ಕಾಣಲೆಂದು ಕೊಂಚ ಹಿಂದಕ್ಕೆ ವಾಲಿಸಿದ. ಅವನ ಎಲ್ಲ ಯೋಚನೆಗಳೂ ಫಲಿಸಲಿಲ್ಲ. ಕೆರಿಬಿಯನ್‌ನ ಕುರಸಾವ್ ದ್ವೀಪದಲ್ಲಿ ಒಂದೆಡೆ ಎಸೆದ ಬಾಟಲಿಗಳ ರಾಶಿ, ಇನ್ನೊಂದೆಡೆ ಮನೆಯಿಲ್ಲದ ಜನರನ್ನು ಕಂಡು, ಖಾಲಿಯಾದ ಮೇಲೆ ಇಟ್ಟಿಗೆಯಾಗಿ ಬಳಸಬಹುದಾದ ಚೌಕ ಬಾಟಲಿಯನ್ನು ವಾಸ್ತುಶಿಲ್ಪಿ ಜಾನ್ ಹಾಬ್ರಾಕೆನ್ ಅವರಿಂದ ವಿನ್ಯಾಸ ಮಾಡಿಸಿದ. 1963ರಲ್ಲಿ ಸುಮಾರು ಒಂದು ಲಕ್ಷ ತಯಾರಾದವು. ಮಾರುಕಟ್ಟೆಗೆ ಬರಲೇ ಇಲ್ಲ. 1983ರ ನವೆಂಬರಿನಲ್ಲಿ ಅವನನ್ನೂ ಅವನ ಚಾಲಕನನ್ನೂ ಅಪಹರಿಸಲಾಯಿತು. ಮೂರು ವಾರಗಳ ನಂತರ ಬಿಡುಗಡೆಯಾಗುವ ಹೊತ್ತಿಗೆ ಮೂರೂವರೆ ಕೋಟಿ ಗಿಲ್ಡರ್ ಒತ್ತೆಹಣ ಕೊಟ್ಟಾಗಿತ್ತು. 2002ರಲ್ಲಿ ಅವನು ತೀರಿಕೊಂಡ ಮೇಲೆ ಪಾಲು ಮಗಳು ಶಾರ್ಲೀನ್ ಡಿ ಕಾರ್ವಾಲೊ-ಹೈನೆಕೆನ್ ಅವರಿಗೆ ಬಂತು.

ಒಡೆತನದ ಏರ್ಪಾಡು ಜಾಣತನದ್ದು. ಬಿಯರ್ ವ್ಯವಹಾರ ನಡೆಸುವ ಕಂಪನಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಹೈನೆಕೆನ್ ಹೋಲ್ಡಿಂಗ್‌ನದು. ಆ ಹೋಲ್ಡಿಂಗ್‌ನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಮನೆತನದ್ದು. ಅಂದರೆ ಒಟ್ಟು ಬಂಡವಾಳದ ಕಾಲು ಭಾಗದಷ್ಟನ್ನು ಇಟ್ಟುಕೊಂಡೇ ಮನೆತನ ಪೂರ್ತಿ ಹಿಡಿತ ಸಾಧಿಸಿದೆ. ದೊಡ್ಡ ಖರೀದಿಗಳಿಗಾಗಿ ಹೊರಗಿನವರ ಹಣ ತಂದರೂ ಚುಕ್ಕಾಣಿ ಕೈಬಿಟ್ಟಿಲ್ಲ. ಆ ಖರೀದಿಗಳ ಸಾಲು ಉದ್ದವಿದೆ: 1968ರಲ್ಲಿ ತವರಿನ ಎದುರಾಳಿ ಆಮ್‌ಸ್ಟೆಲ್, 2003ರಲ್ಲಿ ಆಸ್ಟ್ರಿಯಾದ ಬ್ರೌ ಯೂನಿಯನ್, 2010ರಲ್ಲಿ ಮೆಕ್ಸಿಕೋದ ಫೆಮ್ಸಾದ ಬಿಯರ್ ವಿಭಾಗ, 2012ರಲ್ಲಿ ಟೈಗರ್‌ನ ಏಷ್ಯಾ ಪೆಸಿಫಿಕ್ ಬ್ರೂವರೀಸ್. ಕೊಂಡ ಮೇಲೆ ಊರಿನ ಹೆಸರನ್ನು ಅಳಿಸುವುದಿಲ್ಲ. ಜನ ಒಗ್ಗಿಕೊಂಡ ಲೇಬಲ್ ಹಾಗೇ ಉಳಿಯುತ್ತದೆ, ಲಾಭದ ದಾರಿ ಮಾತ್ರ ಬದಲಾಗುತ್ತದೆ.

ಇಷ್ಟು ದೇಶಗಳಲ್ಲಿ ಕಾಲೂರಿದ ಕಂಪನಿಗೆ ಆಯಾ ದೇಶದ ರಾಜಕೀಯವೂ ಅಂಟುತ್ತದೆ. ಕಾಂಗೊದ ಅಂತರ್ಯುದ್ಧದ ದಿನಗಳಲ್ಲಿ ಅಲ್ಲಿನ ಅಂಗಸಂಸ್ಥೆ ಕೆಲಸದಿಂದ ತೆಗೆದ 168 ಮಂದಿಯ ದೂರು 2017ರಲ್ಲಷ್ಟೇ ರಾಜಿಯಲ್ಲಿ ಮುಗಿಯಿತು. ಆಫ್ರಿಕಾದಲ್ಲಿ ಬಿಯರ್ ಪ್ರಚಾರಕ್ಕೆ ನೇಮಿಸಿದ ಯುವತಿಯರು ಅನುಭವಿಸುವ ಕಿರುಕುಳ ಸುದ್ದಿಯಾದಾಗ, 2018ರಲ್ಲಿ ಏಡ್ಸ್, ಕ್ಷಯ, ಮಲೇರಿಯ ವಿರುದ್ಧದ ಗ್ಲೋಬಲ್ ಫಂಡ್ ಕಂಪನಿಯೊಂದಿಗಿನ ಸಹಯೋಗವನ್ನು ತಡೆಹಿಡಿಯಿತು. ಉಕ್ರೇನ್ ಯುದ್ಧದ ನಂತರ 2023ರಲ್ಲಿ ರಷ್ಯಾದ ವ್ಯವಹಾರವನ್ನೆಲ್ಲ ಒಂದು ಯೂರೋಗೆ ಮಾರಿ, 30 ಕೋಟಿ ಯೂರೋ ನಷ್ಟ ಬರೆದುಕೊಂಡು ಹೊರಬಂತು.

ಕರ್ನಾಟಕಕ್ಕೂ ಈ ಕಂಪನಿಗೂ ಇರುವ ನಂಟು ಯುನೈಟೆಡ್ ಬ್ರೂವರೀಸ್ (ಯುಬಿ) ಮೂಲಕ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ ಕಟ್ಟಿದ ಈ ಸಂಸ್ಥೆ, ಸ್ವಾತಂತ್ರ್ಯದ ಹೊತ್ತಿಗೆ ಬಂಟ್ವಾಳ ಮೂಲದ ವಿಠಲ ಮಲ್ಯರ ಕೈಗೆ ಬಂತು. 1978ರಲ್ಲಿ ಇದರ ಕಿಂಗ್‌ಫಿಷರ್ ಬಿಯರ್ ಹೊಸ ರೂಪದಲ್ಲಿ ಮಾರುಕಟ್ಟೆಗಿಳಿಯಿತು. 2008ರಲ್ಲಿ ಹೈನೆಕೆನ್ ಮತ್ತು ಕಾರ್ಲ್ಸ್‌ಬರ್ಗ್ ಸೇರಿ ಬ್ರಿಟನ್ನಿನ ಸ್ಕಾಟಿಷ್ ಅಂಡ್ ನ್ಯೂಕಾಸಲ್ ಕಂಪನಿಯನ್ನು ಕೊಂಡು ಹಂಚಿಕೊಂಡಾಗ, ಅದರ ಬಳಿಯಿದ್ದ ಯುಬಿ ಪಾಲು ಹೈನೆಕೆನ್‌ಗೆ ಬಂದು ಸೇರಿತು. ಕಿಂಗ್‌ಫಿಷರ್ ಏರ್‌ಲೈನ್ಸ್ ಮುಳುಗಿ ಬ್ಯಾಂಕುಗಳ ಸಾಲ ಬಾಕಿಯಾದ ಮೇಲೆ, ಏರ್‌ಲೈನ್ಸ್ ಒಡೆಯ, ವಿಠಲರ ಮಗ ವಿಜಯ್ ಮಲ್ಯ ಕಡೆಯ ಯುಬಿ ಷೇರುಗಳನ್ನು ವಸೂಲಿಗಾಗಿ ಮಾರಿದಾಗ ಹೈನೆಕೆನ್ 2021ರ ಜೂನ್‌ನಲ್ಲಿ ಸುಮಾರು ಶೇ 15ರಷ್ಟನ್ನು 5,800 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಕೊಂಡಿತು. ಅದರ ಒಟ್ಟು ಪಾಲು ಶೇ 61.5ಕ್ಕೆ ಏರಿತು. ಬೆಂಗಳೂರಿನ ಪ್ರಧಾನ ಕಚೇರಿ, ನೆಲಮಂಗಲ, ನಂಜನಗೂಡಿನ ಬ್ರೂವರಿಗಳು ಅಂದಿನಿಂದ ಆಮ್‌ಸ್ಟರ್‌ಡ್ಯಾಮ್ ಹಿಡಿತದಲ್ಲಿವೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಬೆಲೆ ವಿಷಯದಲ್ಲಿ ಪ್ರತಿಸ್ಪರ್ಧಿಗಳೊಂದಿಗೆ ಒಳ ಒಪ್ಪಂದ ಮಾಡಿಕೊಂಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ ಯುಬಿಗೆ ಸುಮಾರು 752 ಕೋಟಿ ರೂಪಾಯಿ ದಂಡ ಹಾಕಿತು. ಆ ಕೂಟ ನಡೆದದ್ದು ಹೈನೆಕೆನ್ ಪೂರ್ತಿ ಹಿಡಿತ ಪಡೆಯುವುದಕ್ಕೆ ಮುಂಚೆ. ಭಾರತದಲ್ಲಿ ಮದ್ಯ ರಾಜ್ಯಪಟ್ಟಿಯ ವಿಷಯ. ಪ್ರತಿ ರಾಜ್ಯಕ್ಕೂ ತನ್ನದೇ ಅಬಕಾರಿ ನಿಯಮ. ಹಲವು ರಾಜ್ಯಗಳಲ್ಲಿ ಸರ್ಕಾರಿ ನಿಗಮವೇ ಸಗಟು ಖರೀದಿದಾರ; ಕರ್ನಾಟಕದಲ್ಲಿ 2003ರಿಂದ ಆ ಕೆಲಸ ರಾಜ್ಯ ಪಾನೀಯ ನಿಗಮದ್ದು. ಜಾಹೀರಾತಿಗೂ ನಿಷೇಧವಿದೆ. ಜಗತ್ತಿನ ಯಾವ ಮೂಲೆಯಲ್ಲಾದರೂ ಹೆಸರು, ಯೀಸ್ಟ್, ಬಂಡವಾಳದಿಂದ ಗೆಲ್ಲುವ ಕಂಪನಿ ಇಲ್ಲಿ ಅಬಕಾರಿ ಇಲಾಖೆಯ ಬಾಗಿಲಲ್ಲಿ ಚೌಕಾಸಿಗೆ ನಿಲ್ಲಬೇಕು. 2025ರ ಜನವರಿಯಲ್ಲಿ ಬಾಕಿ ಹಣ ಮತ್ತು ಹಳೆಯ ದರದ ಕಾರಣ ಕೊಟ್ಟು ಯುಬಿ ತೆಲಂಗಾಣಕ್ಕೆ ಬಿಯರ್ ಪೂರೈಕೆ ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಮತ್ತೆ ಆರಂಭಿಸಿತು. ಫೆಬ್ರುವರಿಯಲ್ಲಿ ಅಲ್ಲಿನ ಸರ್ಕಾರ ಬಿಯರ್ ದರವನ್ನು ಶೇ 15ರಷ್ಟು ಏರಿಸಿತು.