ಪಾರ್ಥೇನಿಯಂ ತಿನ್ನೋ ಪಟ್ಟೆ ಜೀರುಂಡೆ

[ದೃಶ್ಯ: ರಸ್ತೆ ಬದಿಯ ಪಾರ್ಥೇನಿಯಂ, ತೂತು ಬಿದ್ದ ಎಲೆಗಳು]
ಮಳೆ ಬಿದ್ದ ಮೇಲೆ ಪಾರ್ಥೇನಿಯಂ ಎಲೆ ಹೀಗೆ ತೂತಾಗಿದ್ದರೆ, ಸ್ವಲ್ಪ ಬಗ್ಗಿ ನೋಡಿ. ಈ ಪುಟ್ಟ ಜೀರುಂಡೆ ಅಲ್ಲೇ ಇರಬಹುದು!

ಹೆಸರು ಜೈಗೋಗ್ರಾಮಾ ಬೈಕಲರೇಟಾ. ತವರು ಮೆಕ್ಸಿಕೊ. ಕೀಟತಜ್ಞ ಪ್ಯಾಲಿಸ್ಟರ್ ಈ ಹೆಸರಿಟ್ಟಿದ್ದು 1953ರಲ್ಲಿ. ಕಳೆ ಹತೋಟಿಗಾಗಿ 1983ರಲ್ಲಿ ಇದನ್ನು ಬೆಂಗಳೂರಿಗೆ ತಂದು, ಪರೀಕ್ಷೆ ಮಾಡಿ, 1984ರಲ್ಲಿ ಬಯಲಿಗೆ ಬಿಟ್ಟರು.

[ದೃಶ್ಯ: ಬೆನ್ನಿನ ಕ್ಲೋಸಪ್]
ಗುರುತು ಒಂದು: ಕೆನೆ ಬಣ್ಣದ ಬೆನ್ನು, ಅದರ ಮೇಲೆ ಉದ್ದಕ್ಕೆ ಗಾಢ ಕಂದು ಪಟ್ಟೆಗಳು. ಉದ್ದ ಸುಮಾರು 6 ಮಿಲಿಮೀಟರ್.

ದುಂಡಗಿದೆ ಅಂತ ಗುಲಗಂಜಿ ಹುಳು ಅಂದುಕೊಳ್ಳಬೇಡಿ. ಇದು ಎಲೆ ಜೀರುಂಡೆಗಳ ಕುಟುಂಬ, ಕ್ರೈಸೋಮೆಲಿಡೇ.

[ದೃಶ್ಯ: ಎರಡೂ ಹುಳುಗಳು ಅಕ್ಕಪಕ್ಕ]
ಗುರುತು ಎರಡು: ಮೀಸೆ. ಗುಲಗಂಜಿ ಹುಳುವಿನದು ಗಿಡ್ಡ, ತುದಿ ದಪ್ಪ. ಇದರದು ಉದ್ದ.

ಗುರುತು ಮೂರು: ಪಾದ. ಭೂತಗನ್ನಡಿಯಲ್ಲಿ ಗೆಣ್ಣು ಎಣಿಸಿ. ಗುಲಗಂಜಿಗೆ 3 ಕಾಣುತ್ತವೆ, ಇದಕ್ಕೆ 4. ಇದಕ್ಕೆ ನಿಜಕ್ಕೂ ಇರೋದು 5. ಒಂದು ತೀರಾ ಚಿಕ್ಕದು, ಮರೆಯಲ್ಲಿ ಅಡಗಿರುತ್ತೆ.

ಒಣಗಾಲದಲ್ಲಿ ಮಣ್ಣೊಳಗೆ ಮಲಗಿ, ಮಳೆ ಬಂದಾಗ ಎದ್ದು ಬರುವ ಈ ಹುಳು ನಮ್ಮ ಕಳೆ ತಿನ್ನೋ ನೆಂಟ. ಕಂಡರೆ ಹೊಸಕಬೇಡಿ. ಫೋಟೊ ತೆಗೆದು, ಅದರ ಪಾಡಿಗೆ ಬಿಡಿ.